ಕಂಪ್ಯೂಟರ್ ಸದ್ದಿನ ರೆಕಾರ್ಡಿಂಗ್: ಧ್ವನಿ ಸಣ್ಣ, ಮೇಲೆ ಎಕೋ ಬೇರೆ

ಆನ್‌ಲೈನ್ ಸಂಗೀತ ಪಾಠವನ್ನೋ ಆಕಾಶವಾಣಿಯ ನೇರ ಪ್ರಸಾರವನ್ನೋ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕೇಳಿದರೆ ಸದ್ದು ಬಾವಿಯ ತಳದಿಂದ ಬಂದಂತಿರುತ್ತದೆ. ಇದನ್ನು ಎರಡು ಕಾಯಿಲೆ ಎಂದುಕೊಂಡು ವಾಲ್ಯೂಮಿಗೊಂದು, ಎಕೋಗೊಂದು ಮದ್ದು ಹುಡುಕುವವರೇ ಹೆಚ್ಚು. ಬಹಳ ಸಲ ಕಾಯಿಲೆ ಒಂದೇ: ಸದ್ದು ಕಂಪ್ಯೂಟರಿನ ಒಳಗಿನಿಂದ ಬಂದಿಲ್ಲ, ಸ್ಪೀಕರಿನಿಂದ ಹೊರಬಿದ್ದು, ಗೋಡೆಗೆ ತಾಗಿ, ಮೈಕಿನ ಮೂಲಕ ಒಳಗೆ ಬಂದಿದೆ.

ಅನುಮಾನ ಬಗೆಹರಿಸಲು ಅರ್ಧ ನಿಮಿಷ ಸಾಕು. ಏನನ್ನೂ ಪ್ಲೇ ಮಾಡದೆ ರೆಕಾರ್ಡ್ ಒತ್ತಿ, ಮೈಕಿನ ತೂತಿನ ಪಕ್ಕ ಉಗುರಿನಿಂದ ಕೆರೆಯಿರಿ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆ ತೂತು ಕ್ಯಾಮೆರಾದ ಅಕ್ಕಪಕ್ಕ ಇರುತ್ತದೆ. ಸದ್ದಿನ ಮಟ್ಟ ತೋರಿಸುವ ಮೀಟರ್ ಜಿಗಿಯಿತೋ, ರೆಕಾರ್ಡ್ ಆಗುತ್ತಿರುವುದು ಮೈಕೇ.

ವಿಂಡೋಸ್‌ನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವವರಾದರೆ ಆಡಿಯೋ ಸೆಟಪ್ ಬಟನ್ ಒತ್ತಿ, ಹೋಸ್ಟ್ ಜಾಗದಲ್ಲಿ ವಿಂಡೋಸ್ ವಾಸಾಪಿ (WASAPI) ಆರಿಸಿ. ಆಗ ಮಾತ್ರ ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ಸ್ಪೀಕರಿನ ಹೆಸರಿನ ಮುಂದೆ 'ಲೂಪ್‌ಬ್ಯಾಕ್' ಎಂದಿರುವ ಸಾಲು ಕಾಣುತ್ತದೆ. ಲೂಪ್‌ಬ್ಯಾಕ್ ಎಂದರೆ ಸ್ಪೀಕರಿಗೆ ಹೋಗುವ ಸದ್ದನ್ನು ಕಂಪ್ಯೂಟರಿನ ಒಳಗೇ ಹಿಡಿಯುವ ದಾರಿ. ಅದನ್ನು ಆರಿಸಿ, ಚಾನೆಲ್ 2 (ಸ್ಟೀರಿಯೋ) ಇರಲಿ. ಪಾಠ ಹೆಡ್‌ಫೋನಿನಲ್ಲಿ ಕೇಳುತ್ತಿದ್ದರೆ ಹೆಡ್‌ಫೋನಿನ ಲೂಪ್‌ಬ್ಯಾಕ್ ಬೇಕು, ಸ್ಪೀಕರಿನದ್ದಲ್ಲ. ಇಲ್ಲಿ ತಪ್ಪಿದರೆ ಖಾಲಿ ಟ್ರ್ಯಾಕ್ ಸಿಗುತ್ತದೆ. ಇನ್ನೊಂದು ಚೇಷ್ಟೆ: ಏನೂ ಪ್ಲೇ ಆಗದಿದ್ದಾಗ ಲೂಪ್‌ಬ್ಯಾಕ್‌ಗೆ ಡೇಟಾವೇ ಬರುವುದಿಲ್ಲ, ರೆಕಾರ್ಡಿಂಗ್ ಅಲ್ಲೇ ನಿಂತಿರುತ್ತದೆ. ಅದು ಕೆಟ್ಟಿಲ್ಲ.

ದಾರಿ ಸರಿಯಾದ ಮೇಲೂ ಸದ್ದು ಸಣ್ಣಗಿದ್ದರೆ ಮೊದಲು ಪ್ಲೇಯರಿನ ಸ್ಲೈಡರ್, ಆಮೇಲೆ ವಾಲ್ಯೂಮ್ ಮಿಕ್ಸರಿನಲ್ಲಿ ಆ ಬ್ರೌಸರಿನ ಸಾಲು ನೋಡಿ. ಎರಡೂ 100ರಲ್ಲಿರಲಿ. ಕಿವಿಗೆ ಜೋರಾದರೆ ಟಾಸ್ಕ್‌ಬಾರಿನ ಮುಖ್ಯ ವಾಲ್ಯೂಮ್ ಇಳಿಸಿ. ಅದು ಕೆಲವು ಸೌಂಡ್ ಕಾರ್ಡುಗಳಲ್ಲಿ ರೆಕಾರ್ಡಿಂಗಿಗೂ ತಾಗುತ್ತದೆ, ಕೆಲವುಗಳಲ್ಲಿ ಇಲ್ಲ. ಮೀಟರ್ ನೋಡಿಯೇ ತಿಳಿಯಬೇಕು. ಗರಿಷ್ಠ ಮಟ್ಟ ಮೈನಸ್ 6 ಡೆಸಿಬೆಲ್ ಹತ್ತಿರ ಆಡುತ್ತಿದ್ದರೆ ಒಳ್ಳೆಯದು. 0 ಮುಟ್ಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದು ಮರಳಿ ಬರುವುದಿಲ್ಲ.

ಕರೆ ಶುರುವಾದ ಕೂಡಲೇ ಮಿಕ್ಕೆಲ್ಲ ಸದ್ದು ತಾನಾಗಿ ಕುಸಿಯುತ್ತದೆಯೇ? ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ಕಿಟಕಿಯಲ್ಲಿ ಕಮ್ಯುನಿಕೇಷನ್ಸ್ ಟ್ಯಾಬ್ ತೆರೆಯಿರಿ. ಕರೆ ಬಂದಾಗ ಉಳಿದ ಸದ್ದನ್ನು 80% ತಗ್ಗಿಸು ಎಂಬ ಆಯ್ಕೆ ಅಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. 'ಡು ನಥಿಂಗ್' ಮಾಡಿ. ಇಷ್ಟು ತೊಂದರೆ ಕೊಡುವ ಸೆಟ್ಟಿಂಗನ್ನು ಇಷ್ಟು ಮೂಲೆಯಲ್ಲಿ ಇಟ್ಟಿದ್ದೇಕೋ!

ಇನ್ನು ಎಕೋ. ಅದನ್ನು ಕಿವಿಗಿಂತ ಕಣ್ಣಿನಿಂದ ಹಿಡಿಯುವುದು ಸುಲಭ. ಬ್ರೌಸರಿನಲ್ಲಿ ಮೆಟ್ರೋನೋಮ್ (ಸಮ ಲಯದಲ್ಲಿ ಟಕ್ ಟಕ್ ಎನ್ನುವ ಸಾಧನ) ಹಾಕಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಅಲೆಯನ್ನು ಹಿಗ್ಗಿಸಿ ನೋಡಿ. ಒಂದು 'ಟಕ್' ಹಿಂದೆ ಸರಪಳಿಯಂತೆ ಸಮ ದೂರದಲ್ಲಿ ಮೂರು ನಾಲ್ಕು ನಕಲುಗಳಿದ್ದರೆ ಸದ್ದು ಸುತ್ತು ಹೊಡೆಯುತ್ತಿದೆ: ರೆಕಾರ್ಡ್ ಆದದ್ದು ಮತ್ತೆ ಸ್ಪೀಕರಿಗೆ, ಅಲ್ಲಿಂದ ಮತ್ತೆ ಲೂಪ್‌ಬ್ಯಾಕಿಗೆ. ಆಡಾಸಿಟಿಯ ಬಫರ್, ಅಂದರೆ ಸದ್ದನ್ನು ತುಸು ಹೊತ್ತು ತಡೆದಿಟ್ಟುಕೊಳ್ಳುವ ಜಾಗ, ಮೊದಲಿಗೆ 100 ಮಿಲಿಸೆಕೆಂಡ್ ಇರುವುದರಿಂದ ನಕಲುಗಳ ನಡುವಿನ ಅಂತರ ಸಾಮಾನ್ಯವಾಗಿ ಅಷ್ಟು ಅಥವಾ ಇನ್ನೂ ಹೆಚ್ಚು. ರೆಕಾರ್ಡ್ ಆಗುವಾಗಲೇ ಕೇಳಿಸುವ ಮಾನಿಟರಿಂಗ್, ಅಂದರೆ ಸಾಫ್ಟ್‌ವೇರ್ ಪ್ಲೇಥ್ರೂ, ಆಫ್ ಮಾಡಿದರೆ ಸುತ್ತು ಮುರಿಯುತ್ತದೆ. ಮೈಕಿನ ಪ್ರಾಪರ್ಟೀಸ್‌ನ ಲಿಸನ್ ಟ್ಯಾಬಿನಲ್ಲಿ 'ಲಿಸನ್ ಟು ದಿಸ್ ಡಿವೈಸ್' ಟಿಕ್ ಇದ್ದರೆ ಅದನ್ನೂ ತೆಗೆಯಿರಿ.

ನಕಲು ಒಂದೇ ಇದ್ದರೆ ಒಂದೇ ಸದ್ದು ಎರಡು ದಾರಿಯಲ್ಲಿ ಬಂದಿದೆ. ಪರದೆಯನ್ನೂ ಸದ್ದನ್ನೂ ರೆಕಾರ್ಡ್ ಮಾಡುವ ಒಬಿಎಸ್ (OBS) ತಂತ್ರಾಂಶದಲ್ಲಿ ಇದು ಸಾಮಾನ್ಯ: ಡೆಸ್ಕ್‌ಟಾಪ್ ಆಡಿಯೋ ಆನ್ ಇರುವಾಗಲೇ ಅದೇ ಬ್ರೌಸರಿಗೆ ಅಪ್ಲಿಕೇಷನ್ ಆಡಿಯೋ ಕ್ಯಾಪ್ಚರ್ ಬೇರೆ ಸೇರಿಸಿರುತ್ತಾರೆ. ಅಂತರ ಕೆಲವೇ ಮಿಲಿಸೆಕೆಂಡ್ ಇದ್ದರೆ ಅದು ಎಕೋ ಎಂದು ಕೇಳಿಸುವುದೇ ಇಲ್ಲ. ಎರಡು ಅಲೆಗಳು ಕೆಲವು ಕಂಪನಾಂಕಗಳಲ್ಲಿ ಒಂದನ್ನೊಂದು ಅಳಿಸಿ, ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಎರಡರಲ್ಲಿ ಒಂದನ್ನು ಮ್ಯೂಟ್ ಮಾಡಿ. ಮೈಕೂ ಬೇಕೇ ಬೇಕೆಂದರೆ ಸ್ಪೀಕರ್ ಮುಚ್ಚಿ ಹೆಡ್‌ಫೋನ್ ಹಾಕಿ, ಮೈಕಿಗೆ ಬೇರೆ ಟ್ರ್ಯಾಕ್ ಕೊಡಿ.

ಆ ಹೆಡ್‌ಫೋನ್ ತಂತಿಯದ್ದೇ ಆಗಿರಲಿ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಆನ್ ಆದೊಡನೆ ಸಾಮಾನ್ಯವಾಗಿ ಅದು ಫೋನ್ ಕರೆಯ ಹ್ಯಾಂಡ್ಸ್‌ಫ್ರೀ ಮೋಡ್‌ಗೆ ಇಳಿದು, ಸ್ಟೀರಿಯೋ ಹೋಗಿ ಮೋನೋ ಆಗುತ್ತದೆ; ತಂಬೂರಿಯ ಝೇಂಕಾರದಲ್ಲಿ ಮೇಲಿನ ಸ್ವರಾಂಶಗಳೆಲ್ಲ ಕತ್ತರಿಸಿ ಹೋಗುತ್ತವೆ. ಬ್ಲೂಟೂತ್ ಬಿಟ್ಟರೆ ಗತಿಯಿಲ್ಲದಿದ್ದರೆ ಕೇಳಲು ಮಾತ್ರ ಅದನ್ನಿಟ್ಟುಕೊಂಡು, ಮೈಕ್ ಆಗಿ ಲ್ಯಾಪ್‌ಟಾಪಿನದ್ದನ್ನೇ ಆರಿಸಿ.