ಸರ್ಪಸುತ್ತಿನ ಉರಿಗೆ ಬಿ ವಿಟಮಿನ್ ಸಾಕೇ?

ಔಷಧದ ಅಂಗಡಿಯಲ್ಲಿ ಕುಳಿತ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: “ಸರ್ಪಸುತ್ತಿನ ಗುಳ್ಳೆಗಳೆಲ್ಲ ಒಣಗಿವೆ, ಆದರೆ ಉರಿಯೂ ನವೆಯೂ ಹೋಗಿಲ್ಲ. ನರಕ್ಕೆ ಒಳ್ಳೆಯದಂತಲ್ಲ, ಆ ಬಿ ವಿಟಮಿನ್ ತೆಗೆದುಕೊಂಡರೆ ಸಾಕೇ?” ಮೈಯಲ್ಲಿ ಬಿ12 ಕೊರತೆ ಇದ್ದವರಿಗೆ ಅದು ಬೇಕೇ ಬೇಕು, ಕೊರತೆ ಇಲ್ಲದವರು ಅದರಿಂದ ಹೆಚ್ಚಿನ ಉಪಕಾರ ನಿರೀಕ್ಷಿಸಬಾರದು, ಮತ್ತು ಯಾರ ಪಾಲಿಗೂ ಅದು ನೋವುನಿವಾರಕವಲ್ಲ ಎಂಬುದು ನನ್ನ ಉತ್ತರ.

ಬಾಲ್ಯದಲ್ಲಿ ‘ಅಮ್ಮ’ ಎದ್ದಾಗ, ಅಂದರೆ ಚಿಕನ್‌ಪಾಕ್ಸ್ ಆದಾಗ, ಒಳಹೊಕ್ಕ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಾದ ಮೇಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಒಂದು ನರದ ಹಾದಿ ಹಿಡಿದು ಚರ್ಮಕ್ಕೆ ಬರುವುದೇ ಸರ್ಪಸುತ್ತು. ಗುಳ್ಳೆಗಳು ದೇಹದ ಒಂದೇ ಬದಿಗೆ ಪಟ್ಟಿಯಾಗಿ ಏಳುವುದು ಇದೇ ಕಾರಣಕ್ಕೆ. ಮೈ ಸುತ್ತಿ ಬಂದ ಸರ್ಪದ ತಲೆಯೂ ಬಾಲವೂ ಕೂಡಿದರೆ ಜೀವ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ವೈರಾಣು ಬಂದ ದಾರಿಯಲ್ಲಿ ನರಕ್ಕೆ ಪೆಟ್ಟಾಗಿರುವುದರಿಂದ, ಚರ್ಮ ಮಾಗಿದ ಮೇಲೂ ಆ ನರ ಸುಮ್ಮನೆ ನೋವಿನ ಸಂದೇಶ ಕಳಿಸುತ್ತಿರುತ್ತದೆ; ಅಂಗಿ ತಾಗಿದರೂ ಕೆಂಡ ಮುಟ್ಟಿದಂತಾಗುತ್ತದೆ. ಮೂರು ತಿಂಗಳು ದಾಟಿಯೂ ಉಳಿದರೆ ವೈದ್ಯರು ಅದನ್ನು ಬೇರೆಯೇ ತೊಂದರೆಯೆಂದು ಪರಿಗಣಿಸುತ್ತಾರೆ.

ವೈರಾಣುವನ್ನು ತಡೆಯುವ ಅಸೈಕ್ಲೋವಿರ್ ಅಥವಾ ವಾಲಾಸೈಕ್ಲೋವಿರ್ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಗಳ ಒಳಗೆ ಆರಂಭಿಸುವುದು ಒಳ್ಳೆಯದು. ಕೆಮ್ಮಣ್ಣು ಬಳಿಸಿಕೊಂಡು ಕಾಯುವವರು ಈಗಲೂ ಇದ್ದಾರೆ. ನನ್ನ ತಕರಾರು ಮಣ್ಣಿನ ಮೇಲಿಗಿಂತ ಆ ಕಾಯುವಿಕೆಯ ಮೇಲೆ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಕಂಡರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ವಿಟಮಿನ್ನಿನ ವಿಚಾರ. ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆ ಸರಿಯಾಗಿರಲು ಬಿ12 ಬೇಕು, ಹೀಗಾಗಿ ಅದರ ಮೇಲಿನ ಭರವಸೆ ನಿರಾಧಾರವೇನಲ್ಲ. ನೋವಿರುವ ಜಾಗದ ಚರ್ಮದ ಕೆಳಗೇ ಬಿ12ರ ಒಂದು ರೂಪವಾದ ಮೀಥೈಲ್‌ಕೋಬಾಲಮಿನ್ ಚುಚ್ಚಿದಾಗ ಉಪಶಮನ ಕಂಡಿತೆಂದು ಚೀನಾದ ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ಅದು ಚುಚ್ಚುಮದ್ದಿನ ಮಾತು, ಬಾಯಿಂದ ನುಂಗುವ ಮಾತ್ರೆಗೆ ಅದೇ ಕೀರ್ತಿಯನ್ನು ಕೊಡಲಾಗದು. ನಮ್ಮಲ್ಲಿ ಗೊಂದಲ ಹುಟ್ಟುವುದು ಈ ನೋವಿಗೆ ಬರೆದುಕೊಡುವ ಮಾತ್ರೆಯ ಪಟ್ಟಿಯಿಂದಲೇ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ, ಮೀಥೈಲ್‌ಕೋಬಾಲಮಿನ್ 750 ಮೈಕ್ರೋಗ್ರಾಂ ಎಂದು ಎರಡೂ ಒಟ್ಟಿಗೆ ಇರುತ್ತವೆ. ನೋವನ್ನು ತಗ್ಗಿಸುವುದು ಮೊದಲನೆಯದು, ಹೆಸರು ಬರುವುದು ಎರಡನೆಯದಕ್ಕೆ. “ಅದರಿಂದ ಜೋಂಪು ಹತ್ತುತ್ತದೆ, ಬರೀ ವಿಟಮಿನ್ ಇರುವುದನ್ನು ಕೊಡಿ” ಎಂದು ಕೇಳಿ ಬದಲಾಯಿಸಿಕೊಂಡವರು, ನೋವು ಮರಳಿದಾಗ ವಿಟಮಿನ್ನಿನ ಕಂಪನಿಯನ್ನು ದೂರುತ್ತಾರೆ. ಪ್ರಿಗ್ಯಾಬಲಿನ್ನನ್ನು ಥಟ್ಟನೆ ಬಿಡಲೂಬಾರದು. ಪ್ರಮಾಣವನ್ನು ಹಂತಹಂತವಾಗಿ ಇಳಿಸಲು ವೈದ್ಯರನ್ನೇ ಕೇಳಬೇಕು.

ನವೆಯ ಪಾಡು ಇನ್ನೂ ಕಷ್ಟದ್ದು. ಅದೂ ನರದಿಂದಲೇ ಹುಟ್ಟುವುದರಿಂದ, ಅಲರ್ಜಿಯ ತುರಿಕೆಗೆ ನುಂಗುವ ಮಾತ್ರೆ ಅಲ್ಲಿ ಹೆಚ್ಚಾಗಿ ಕೆಲಸ ಮಾಡುವುದಿಲ್ಲ. ಆ ಜಾಗ ಮರಗಟ್ಟಿದ್ದರೆ ಕೆರೆದ ನೋವೇ ತಿಳಿಯದೆ ಗಾಯವಾಗುತ್ತದೆ. ಉಗುರು ಕತ್ತರಿಸಿಕೊಂಡು, ಚರ್ಮಕ್ಕೆ ಅಂಟಿಸಿ ನೋವು ತಗ್ಗಿಸುವ ಲಿಡೋಕೇನ್ ಪಟ್ಟಿಯ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ತಮಾಷೆಯೆಂದರೆ, ಬಿ ಗುಂಪಿನದ್ದೇ ಆದ ನಯಾಸಿನ್ ಹೆಚ್ಚಾದರೆ ಮೈ ಕೆಂಪೇರಿ ನವೆ ಶುರುವಾಗುತ್ತದೆ.

ಹಾಗಾದರೆ ಬಿ12 ಯಾರಿಗೆ ಬೇಕು? ಮಾಂಸ, ಮೊಟ್ಟೆ ಮುಟ್ಟದೆ ಹಾಲು ಮೊಸರನ್ನೂ ಕಡಿಮೆ ಮಾಡಿದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರು, ಬೆಳಿಗ್ಗೆ ಎದ್ದೊಡನೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಹಾಕಿಕೊಳ್ಳುವ ಅಭ್ಯಾಸದವರು, ವಯಸ್ಸಾದವರು, ಇವರಲ್ಲಿ ಕೊರತೆ ಸಾಮಾನ್ಯ. ಸರ್ಪಸುತ್ತು ಹೆಚ್ಚಾಗಿ ಕಾಡುವ ವಯಸ್ಸಿನವರೂ ಇವರೇ. ಮಾತ್ರೆ ಶುರುಮಾಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಏಕೆಂದರೆ ಆಮೇಲೆ ಬರುವ ಸಂಖ್ಯೆ ಕೊರತೆಯನ್ನು ಮುಚ್ಚಿಹಾಕುತ್ತದೆ. ಬಿ6 ವಿಚಾರದಲ್ಲಿ ಮಾತ್ರ ಎಚ್ಚರ ಬೇಕು: ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಹಾಕಿದ ಗರಿಷ್ಠ ಮಿತಿ 12. ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರಗಳನ್ನು ಕೆಡಿಸಿ ಕೈಕಾಲು ಜುಮುಗುಡಿಸುತ್ತದೆ. ಆದ್ದರಿಂದ ‘ನರದ ಮಾತ್ರೆ’ ಎಂದು ಕೇಳಿ ತಂದದ್ದರ ಹಿಂಬದಿಯಲ್ಲಿ ಪಿರಿಡಾಕ್ಸಿನ್ (ಬಿ6ರ ಇನ್ನೊಂದು ಹೆಸರು) ಎದುರಿನ ಅಂಕಿಯನ್ನು ಓದಿ, ಅದು ಮೂರಂಕಿಯಾಗಿದ್ದರೆ ಎಷ್ಟು ದಿನಕ್ಕೆ ಎಂದು ಬರೆದುಕೊಟ್ಟವರನ್ನು ಕೇಳಿ.