ಹೇಳಬಾರದ ಹೆಸರು, ಇಡಲೇಬೇಕಾದ ಹೆಸರು

2025 ನವೆಂಬರ್ 9, ಭಾನುವಾರ
ಶಿವಮೊಗ್ಗ

ಮಗಳ ಜನನ ಪ್ರಮಾಣಪತ್ರ ಕೈಗೆ ಬಂದಿದೆ. ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಹುಟ್ಟಿದ ತಾರೀಖು ಅಕ್ಟೋಬರ್ 20 ಅಂತ ಇದೆ. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ಊರೆಲ್ಲ ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಕೂತಿದ್ದ ಹೊತ್ತಿಗೆ ಹುಟ್ಟಿದವಳು ಇವಳು. ನಮ್ಮವ್ವ "ಕೂಸೇ" ಅನ್ನುತ್ತಾಳೆ. ಇವಳ ಅಮ್ಮಚ್ಚಿ, ಅಂದರೆ ನನ್ನ ಹೆಂಡತಿಯ ತಾಯಿ, "ಮೋಳೇ" ಅನ್ನುತ್ತಾರೆ. ಮಗು ಯಾವುದಕ್ಕೂ ತಿರುಗಿ ನೋಡುವುದಿಲ್ಲ. ಹಾಲು ಸಿಕ್ಕಿದರೆ ಸಾಕು.

ಹೆಸರಿನ ಜಾಗ ಖಾಲಿ ಇದ್ದರೆ ಗಾಬರಿಪಡುವಂಥದ್ದು ಏನಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ಹುಟ್ಟಿದ್ದು ನೋಂದಣಿ ಆಗಬೇಕು. ಅದನ್ನು ಆಸ್ಪತ್ರೆಯವರೇ ಮಾಡಿಬಿಡುತ್ತಾರೆ. ಹೆಸರನ್ನು ಆಮೇಲೆ ಸೇರಿಸಬಹುದು. 12 ತಿಂಗಳೊಳಗಾದರೆ ಶುಲ್ಕ ಇಲ್ಲ, ಆಮೇಲಾದರೆ ಲೇಟ್ ಫೀ ಕಟ್ಟಬೇಕು, 15 ವರ್ಷದವರೆಗೂ ಅವಕಾಶ ಇದೆ. ಆದರೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಆ ವರ್ಷ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲಿಕ್ಕೆ, ಡ್ರೈವಿಂಗ್ ಲೈಸೆನ್ಸಿಗೆ, ವೋಟರ್ ಪಟ್ಟಿಗೆ, ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ, ಎಲ್ಲಕ್ಕೂ ಹುಟ್ಟಿದ ತಾರೀಖಿನ ದಾಖಲೆ ಅಂದರೆ ಈ ಒಂದು ಹಾಳೆಯೇ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹೆಸರು, ಜೂನ್ 1 ಹುಟ್ಟಿದ ದಿನ. ಈಗ ಒಮ್ಮೆ ಬರೆಸಿದರೆ ಮುಗಿಯಿತು. ಹಾಗಾಗಿ ಎಲ್ಲರ ಕಣ್ಣೂ ಆ ಖಾಲಿ ಜಾಗದ ಮೇಲೆ.

ನಾನು ಸಾಗರ ತಾಲೂಕಿನ ದೀವರ ಮನೆಯವನು. ಅಜ್ಜನ ಕಾಲದ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ನೀರಿನ ಕೆಳಗಿದೆ. ಹೆಂಡತಿ ನರಸಿಂಹರಾಜಪುರದ ಕಡೆಯವಳು, ಮಲಯಾಳಿ ಕ್ರೈಸ್ತರು, ಸೀರೋ ಮಲಬಾರ್ ಸಭೆಯವರು. ಅವಳ ಅಜ್ಜ ಕೇರಳದ ಪಾಲಾ ಕಡೆಯಿಂದ ಬಂದು ಮೊದಲು ಮರಗೆಣಸು, ಶುಂಠಿ ಹಾಕಿ, ಆಮೇಲೆ ರಬ್ಬರ್ ಮಾಡಿದವರು. ಎನ್.ಆರ್. ಪುರ, ಕೊಪ್ಪ, ಹೊಸನಗರದ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. 2007ರಲ್ಲಿ ಭದ್ರಾವತಿಯಲ್ಲಿ ಇವರ ಸಭೆಗೆ ಬೇರೆ ಧರ್ಮಪ್ರಾಂತ್ಯವೇ ಆಯಿತು. ಹೆಂಡತಿ ಓದಿದ್ದು ಕನ್ನಡ ಮೀಡಿಯಂ. ಸಿಟ್ಟು ಬಂದಾಗ ಮಾತ್ರ ಮಲಯಾಳಂ ಹೊರಗೆ ಬರುತ್ತದೆ. ನಮ್ಮ ಮದುವೆ 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಆದದ್ದು. ನೋಟಿಸ್ ಬೋರ್ಡಿನ ಮೇಲೆ 30 ದಿನ ನಮ್ಮಿಬ್ಬರ ಹೆಸರು ನೇತಾಡಿತ್ತು. ಆಗಿನ ಕಥೆ ಈಗ ಬೇಡ.

ಈಗ ಹೆಸರಿನ ವಿಷಯ. ಅವರಲ್ಲಿ ಇದಕ್ಕೆ ಒಂದು ಕಟ್ಟುನಿಟ್ಟಾದ ಲೆಕ್ಕವಿದೆ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಹೆಣ್ಣುಮಕ್ಕಳಾದರೆ ಮೊದಲನೆಯವಳಿಗೆ ಅಪ್ಪನ ಅಮ್ಮನ ಹೆಸರು, ಎರಡನೆಯವಳಿಗೆ ಅಮ್ಮನ ಅಮ್ಮನದು. ಹಾಗಾಗಿ ಅಣ್ಣತಮ್ಮಂದಿರ ಮಕ್ಕಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂದೇ ಮನೆತನದಲ್ಲಿ ಚಾಕೋಗಳ ಸಾಲು, ಏಲಿಯಾಮ್ಮಗಳ ಸಾಲು. ಗುರುತು ಸಿಗಲಿ ಅಂತ ಮನೆಯಲ್ಲಿ ಕರೆಯುವ ಹೆಸರು ಬೇರೆ ಇರುತ್ತದೆ. ಮೊಮ್ಮಕ್ಕಳಿರುವ, ದಪ್ಪ ಮೀಸೆಯ ಗಂಡಸರನ್ನು ಎಲ್ಲರೂ "ಬೇಬಿಚ್ಚಾಯಾ" ಅಂತ ಕರೆಯುವುದನ್ನು ಮೊದಲ ಸಲ ಕೇಳಿದಾಗ ನಗು ತಡೆಯಲು ಕಷ್ಟಪಟ್ಟಿದ್ದೆ.

ಆ ಲೆಕ್ಕದ ಪ್ರಕಾರ ನನ್ನ ಮಗಳಿಗೆ ನಮ್ಮವ್ವನ ಹೆಸರು ಬರಬೇಕು. ಅಮ್ಮಚ್ಚಿ ಆಸ್ಪತ್ರೆಯಲ್ಲೇ ಹೇಳಿದರು, "ಹೆಸರಿಗೆ ಯೋಚನೆ ಎಂಥದು? ನಿಮ್ಮ ಅಮ್ಮನ ಹೆಸರೇ ಅಲ್ವಾ?" ಅದು ಹಿಂದೂ ದೇವತೆಯ ಹೆಸರು, ಚರ್ಚಿನಲ್ಲಿ ಯಾರು ಏನಂದಾರು, ಯಾವುದನ್ನೂ ಅವರು ಎತ್ತಲಿಲ್ಲ. ಅದು ಸಣ್ಣ ಮಾತಲ್ಲ. ನನಗೂ ಹೆಂಡತಿಗೂ ಒಳಗೊಳಗೇ ಖುಷಿಯಾಯಿತು. ನಮ್ಮವ್ವನ ಮುಖ ಮಾತ್ರ ಸಪ್ಪಗಾಯಿತು.

ಯಾಕೆ ಅಂದರೆ ನಮ್ಮ ಮನೆಯಲ್ಲಿ ಇರುವವರ ಹೆಸರನ್ನು ಮಕ್ಕಳಿಗೆ ಇಡುವುದಿಲ್ಲ. ಹೋದವರದ್ದು ಇಡುತ್ತಾರೆ. ಮೇಲಾಗಿ ಸೊಸೆ ಅತ್ತೆಯ ಹೆಸರು ಬಾಯಲ್ಲಿ ಎತ್ತುವಂತಿಲ್ಲ. ಅವ್ವ ಇವತ್ತಿಗೂ ತನ್ನ ಅತ್ತೆಯ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನ ಕೆಲಸಕ್ಕೆ ಹೋದಾಗ ಹೆಸರು ಕೇಳಿದರೆ ಅಕ್ಕನನ್ನು ಮುಂದೆ ತಳ್ಳುತ್ತಿದ್ದಳು. ಅಜ್ಜಿಯ ಹೆಸರಿನಲ್ಲಿ ಒಂದು ಹೂವು ಇತ್ತು. ಅದಕ್ಕೇ ಅವ್ವನ ಬಾಯಲ್ಲಿ ಮಲ್ಲಿಗೆ ಯಾವತ್ತೂ ಮಲ್ಲಿಗೆ ಆಗಿರಲಿಲ್ಲ. "ಪೇಟೆಗೆ ಹೋದ್ರೆ ಮುಡಿಯೋ ಬಿಳೀದು ಒಂದು ಮೊಳ ತಗಂಬಾ" ಅನ್ನುತ್ತಿದ್ದಳು. ನಾವು ಮಲ್ಲಿಗೆ ತರುತ್ತಿದ್ದೆವು.

ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು, "ನನ್ನ ಹೆಸರಿಟ್ರೆ ನಿನ್ನ ಹೆಂಡ್ತಿ ದಿನಾ ನನ್ನ ಹೆಸರು ಹಿಡಿದು ಬೈತಾಳೆ. ಮತ್ತೆ ಉಚ್ಚೆ ಹೊಯ್ಕಂಡ್ಯಾ, ಮತ್ತೆ ಮಣ್ಣು ತಿಂದ್ಯಾ ಅಂತ. ನಾನು ಒಳಗೆ ಕೂತು ಕೇಳ್ಕಂಡಿರ್ಬೇಕಾ? ನಾನಿನ್ನೂ ಇದೀನಿ ಮಾರಾಯ."

ಗೆಳೆಯರೆಲ್ಲ ಇದು ದೇವರ ಜಗಳ, ಜಾತಿಯ ಜಗಳ ಅಂದುಕೊಂಡಿದ್ದರು. ಅಲ್ಲವೇ ಅಲ್ಲ. ದೊಡ್ಡವರಿಗೆ ಮರ್ಯಾದೆ ಕೊಡಬೇಕು ಅನ್ನುವುದರಲ್ಲಿ ಎರಡೂ ಮನೆ ಒಂದೇ. ಅಲ್ಲಿ ಹೆಸರಿಟ್ಟು ಮರ್ಯಾದೆ ಕೊಡುತ್ತಾರೆ, ಇಲ್ಲಿ ಹೆಸರು ಎತ್ತದೆ ಕೊಡುತ್ತಾರೆ. ಅವ್ವನ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ಚಂದ್ರಗುತ್ತಿ ದೇವಿಯ ಮೇಲೆ ಇಟ್ಟ ಹೆಸರು ಅಂದರೆ ಸೊರಬ, ಸಾಗರದ ಕಡೆಯವರಿಗೆ ಗೊತ್ತಾಗುತ್ತದೆ.

ಆಫೀಸಿನಲ್ಲಿ ಸಲಹೆಗಳಿಗೆ ಬರವಿಲ್ಲ. "ಎರಡೂ ಕಡೆಗೆ ಹೊಂದೋದು ಇಡಿ ಸಾರ್. ತಾರಾ, ಮಾಯಾ, ಸಾರಾ, ಲೀನಾ." ಮೊಬೈಲಿನಲ್ಲಿ ಹುಡುಕಿದರೂ ಅದೇ ಪಟ್ಟಿ. ಹೆಸರುಗಳು ಚೆನ್ನಾಗಿಯೇ ಇವೆ. ಆದರೆ ಯಾರಿಗೂ ಕಷ್ಟ ಆಗದ ಹೆಸರಿನಲ್ಲಿ ನಮ್ಮವ್ವನೂ ಇಲ್ಲ, ಅಮ್ಮಚ್ಚಿಯೂ ಇಲ್ಲ. ಹೆಂಡತಿ ಇನ್ನೂ ಖಾರವಾಗಿ ಹೇಳಿದಳು, "ಇಬ್ಬರಿಗೂ ಸಿಟ್ಟು ಬರಬಾರದು ಅಂತ ಇಡೋದಾದ್ರೆ ಹೆಸರೇ ಬೇಡ, ನಂಬರ್ ಕೊಡೋಣ." ಅಪ್ಪನ ಹೆಸರಿನ ಒಂದಕ್ಷರ, ಅಮ್ಮನ ಹೆಸರಿನ ಒಂದಕ್ಷರ ಸೇರಿಸಿ ಹೊಸದು ಮಾಡುವ ಐಡಿಯಾವನ್ನೂ ಅವಳೇ ಹೊಡೆದುಹಾಕಿದಳು. ಅವಳ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲಿ ಅಂಥವರು ಜಾಸ್ತಿಯಂತೆ. ಜಿಜೋ, ಲಿಜಿ, ಸಿಬಿ, ಯಾರು ಗಂಡು ಯಾರು ಹೆಣ್ಣು ಅಂತ ಮದುವೆ ಕಾರ್ಡಿನಲ್ಲಿ ಫೋಟೋ ನೋಡಿ ತಿಳಿಯಬೇಕು.

ನಡುವೆ ಊರಿನಿಂದ ಚಿಕ್ಕಪ್ಪನ ಫೋನು. ಭಟ್ಟರ ಹತ್ತಿರ ಜಾತಕ ತೋರಿಸಿದರಂತೆ. ಹಸ್ತ ನಕ್ಷತ್ರ, ಮೂರನೇ ಪಾದ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಪಾದಕ್ಕೊಂದು ಹೆಸರಿನ ಮೊದಲಕ್ಷರ, ಒಟ್ಟು 108 ಅಕ್ಷರ. ಹಸ್ತಕ್ಕೆ ಬಂದಿರುವುದು ಪು, ಷ, ಣ, ಠ. ನಮ್ಮ ಹುಡುಗಿಯ ಪಾಲಿಗೆ ಣ. ಕನ್ನಡದಲ್ಲಿ ಣ ಇಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? "ಣ ಸಿಗದಿದ್ರೆ ನ ಇಡಿ ಅಂದ್ರು" ಅಂತ ಚಿಕ್ಕಪ್ಪ. ಆರಿದ್ರಾದವರಿಗೆ ಙ, ಉತ್ತರಾಭಾದ್ರದವರಿಗೆ ಞ ಬರುತ್ತದೆ ಅಂತ ಹೆಂಡತಿಗೆ ಹೇಳಿದೆ. "ಞ ಬಂದಿದ್ರೆ ನಮ್ಮ ಮನೆಯವರು ನೋಡ್ಕೋತಿದ್ರು" ಅಂದಳು. ನಿಜ, ಮಲಯಾಳಂನಲ್ಲಿ "ನಾನು" ಅನ್ನಬೇಕಾದರೂ ಞ ಬೇಕು.

ಇವತ್ತು ಬೆಳಿಗ್ಗೆ ಮಗುವಿನ ಸ್ನಾನ. ಇದನ್ನು ಸ್ವಲ್ಪ ವಿವರವಾಗಿ ಬರೆದಿಡಬೇಕು. ಅಮ್ಮಚ್ಚಿ ಊರಿನಿಂದ ಉರುಕ್ಕ್ ವೆಳಿಚ್ಚೆಣ್ಣ ತಂದಿದ್ದಾರೆ. ತೆಂಗಿನಕಾಯಿ ಹಾಲನ್ನು ಉರುಳಿಯಲ್ಲಿ ಕಾಯಿಸಿ ಕಾಯಿಸಿ ತೆಗೆದ ಎಣ್ಣೆ. ಬಾಟಲಿ ಮುಚ್ಚಳ ತೆಗೆದರೆ ಮನೆಯೆಲ್ಲ ಕೊಬ್ಬರಿ ಮಿಠಾಯಿಯ ವಾಸನೆ. ನಮ್ಮವ್ವನಿಗೆ ಮೊದಮೊದಲು ಅದರ ಮೇಲೆ ನಂಬಿಕೆ ಇರಲಿಲ್ಲ, ಹರಳೆಣ್ಣೆಯೇ ಆಗಬೇಕು ಅನ್ನುತ್ತಿದ್ದಳು. ಈಗ ತನ್ನ ಮಂಡಿಗೂ ಅದನ್ನೇ ಹಚ್ಚಿಕೊಳ್ಳುತ್ತಾಳೆ. ಸ್ನಾನ ಮಾಡಿಸುವುದು ಅವ್ವ, ಎಣ್ಣೆ ತಿಕ್ಕುವುದು ಅಮ್ಮಚ್ಚಿ. ಇಬ್ಬರೂ ಮಣೆಯ ಮೇಲೆ ಕೂತು ಕಾಲು ನೀಡಿ ಮಗುವನ್ನು ಮೊಳಕಾಲ ಮೇಲೆ ಮಲಗಿಸಿಕೊಳ್ಳುವುದು ಒಂದೇ ಥರ. ಬಜೆ ವಿಷಯದಲ್ಲಂತೂ ಇಬ್ಬರೂ ಒಂದೇ ಪಕ್ಷ. ಅಮ್ಮಚ್ಚಿಗೆ ಅದು ವಯಂಬು. ಕಲ್ಲಿನ ಮೇಲೆ ತೇಯ್ದು ನಾಲಿಗೆಗೆ ಹಚ್ಚಬೇಕು ಅಂತ ಇಬ್ಬರದೂ ಹಟ. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಕೊಡಬೇಡಿ ಅಂದ ಡಾಕ್ಟರ ಮಾತು ನಾನು ನೆನಪಿಸಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದ ನೋಟಕ್ಕೆ ಭಾಷೆ ಬೇಕಿರಲಿಲ್ಲ. ಹೆಂಡತಿ ಬಂದು ಬಜೆ ಕಲ್ಲನ್ನು ಎತ್ತಿಟ್ಟಳು. ಅವಳ ಮುಂದೆ ಇಬ್ಬರ ಆಟವೂ ನಡೆಯುವುದಿಲ್ಲ.

ಮಗುವಿನ ಮೂಗು ತೀಡುತ್ತಾ ಅಮ್ಮಚ್ಚಿ ಕೇಳಿದರು, "ಬೀಗ್ತಿ, ನಿಮಗೆ ಯಾರ ಹೆಸರು ಇಟ್ಟದ್ದು?"

ಅವ್ವ ಹೇಳಿದಳು. ಅವಳಿಗಿಂತ ಮೊದಲು ಹುಟ್ಟಿದವು ಯಾವುವೂ ಉಳಿಯಲಿಲ್ಲವಂತೆ. ಅವಳ ಅವ್ವ ಚಂದ್ರಗುತ್ತಿಗೆ ಹೋಗಿ, ಗುಡ್ಡ ಹತ್ತಿ, ಗುಹೆಯೊಳಗಿನ ದೇವಿಯ ಮುಂದೆ ಹರಕೆ ಹೊತ್ತರು. ಇದೊಂದು ಉಳಿದರೆ ನಿನ್ನದೇ ಹೆಸರು ಅಂತ. ನಮ್ಮ ಕಡೆ ಹೀಗೆ ಮಕ್ಕಳು ಉಳಿಯದ ಮನೆಗಳಲ್ಲಿ ತಿಪ್ಪ, ಹುಚ್ಚ, ಕಲ್ಲ ಅಂತೆಲ್ಲ ಹೆಸರಿಡುತ್ತಿದ್ದದ್ದೂ ಇತ್ತು, ಸಾವಿನ ಕಣ್ಣು ಬೀಳದಿರಲಿ ಅಂತ. ಅವ್ವನಿಗೆ ದೇವರ ಹೆಸರೇ ಸಿಕ್ಕಿತು. ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಾವು ಹೆಸರು ಎತ್ತುವವರಲ್ಲವಲ್ಲ, ಹೆಸರಿನ ಕಥೆ ಎಲ್ಲಿಂದ ಕೇಳುತ್ತೇವೆ?

"ಹಾಗಾದ್ರೆ ಆ ಹೆಸರು ನಿಮ್ಮದಲ್ಲ, ಅಮ್ಮನವರದ್ದು" ಅಂದರು ಅಮ್ಮಚ್ಚಿ. "ಅಮ್ಮನವರಿಗೆ ಬೇರೆ ಹೆಸರಿಲ್ವಾ?"

"ಇದೆಯಲ್ಲ. ರೇಣುಕಾಂಬೆ."

ಅಮ್ಮಚ್ಚಿ ಎಣ್ಣೆ ಕೈ ನಿಲ್ಲಿಸಿ ಲೆಕ್ಕ ಹಾಕಿದರು. ಅವರಲ್ಲಿ ಅಜ್ಜಿ ಏಲಿಯಾಮ್ಮ ಆದರೆ ಮೊಮ್ಮಗಳು ಎಲ್ಸಿ ಆಗಬಹುದು, ಲಿಸ್ಸಿ ಆಗಬಹುದು. ಅಜ್ಜ ಔಸೇಪ್, ಮೊಮ್ಮಗ ಜೋಸ್. ಅಜ್ಜ ವರ್ಗೀಸ್, ಮೊಮ್ಮಗ ಜಾರ್ಜ್. ಒಂದೇ ಹೆಸರಿನ ಬೇರೆ ಬೇರೆ ರೂಪ ಇವು, ಅಜ್ಜ ಅಜ್ಜಿಯ ಹೆಸರು ಇಟ್ಟ ಹಾಗೇ ಲೆಕ್ಕ. ರೇಣುಕಾ ಅಂತ ಇಟ್ಟರೆ ಅವ್ವನ ಹೆಸರು ಇಟ್ಟ ಹಾಗಾಯಿತು, ನಿಯಮ ಮುರಿಯಲಿಲ್ಲ.

ಅವ್ವನದು ಒಂದೇ ಪ್ರಶ್ನೆ. "ಬೈಯುವಾಗ?"

"ಅಮ್ಮನವರ ಹೆಸರು ಹಿಡಿದು ಬೈತೇವೆ. ದೇವರನ್ನು ಬೈಯದವರು ಯಾರಿದ್ದಾರೆ?"

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಒಪ್ಪಿದಳು ಅಂತಲೇ ಅರ್ಥ.

ಹೆಂಡತಿಗೆ ಅಷ್ಟಕ್ಕೇ ಬಿಡುವ ಮನಸ್ಸಿರಲಿಲ್ಲ. ಎರಡನೇ ಹೆಣ್ಣು ಹುಟ್ಟಿದರೆ ತನ್ನಮ್ಮನ ಸರದಿ ಅಂತ ಕಾಯುತ್ತಾ ಕೂರಬೇಕೇನು, ಎರಡನೆಯದು ಯಾರು ಹೆರುತ್ತಾರೆ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಮ್ಮಚ್ಚಿಯ ಜ್ಞಾನಸ್ನಾನದ ಹೆಸರು ಸಂತ ಅನ್ನಳದು. ಮರಿಯಳ ತಾಯಿ, ಯೇಸುವಿಗೆ ಅಜ್ಜಿ. ಅವಳ ಗಂಡ ಜೋಕಿಂ ಜೊತೆಗೆ ಜುಲೈ 26 ಅವಳ ಹಬ್ಬ. ಅದಕ್ಕೆ ಹೊಂದಿಸಿಯೇ ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ದಿನ ಅಂತ ಮಾಡಿದರು. "ಅಜ್ಜಿಗೂ ಒಂದು ದೇವ್ರು ಉಂಟಾ?" ಅಂತ ನಮ್ಮವ್ವ ಕಣ್ಣರಳಿಸಿದಳು. ಅವಳಿಗೆ ಇದು ಎಲ್ಲಕ್ಕಿಂತ ಹಿಡಿಸಿತು. ರೇಣುಕಾ ಅನ್ನ ಅಂತ ಬರೆದರೆ ಶಾಲೆಯಲ್ಲಿ ಹುಡುಗರು ಸಾರು ಎಲ್ಲಿ ಅಂತ ಕೇಳುತ್ತಾರೆ ಅಂತ ಅಕ್ಕ ಫೋನಿನಲ್ಲೇ ಎಚ್ಚರಿಸಿದಳು. ಹಾಗಾಗಿ ರೇಣುಕಾ ಆನ್.

ರೇಣುಕಾ ಹಳೇ ಕಾಲದ್ದಾಯ್ತು ಅನ್ನುವವರು ಇದ್ದಾರೆ. ಇರಲಿ. ಈಗ ಯಾವ ಅಂಗನವಾಡಿಗೆ ಹೋದರೂ ಆದ್ಯಾ, ಅನ್ವಿ, ಆರಾಧ್ಯಾ. ಒಬ್ಬಳನ್ನು ಕರೆದರೆ ಮೂವರು ಓಡಿ ಬರುತ್ತಾರೆ. ಅವ್ವನದ್ದು ಬೇರೆಯೇ ಪರೀಕ್ಷೆ. ಊರಲ್ಲಿ ಮನೆಗಳು ದೂರ ದೂರ. ದಣಪೆ ಹತ್ತಿರ ನಿಂತು ಕರೆದರೆ ತೋಟದ ಆಚೆ ಆಡುವ ಮಗುವಿಗೆ ಕೇಳಬೇಕು. ಮಧ್ಯಾಹ್ನ ಗೇಟಿಗೆ ಹೋಗಿ "ರೇಣೂ..." ಅಂತ ಒಂದು ಕೂಗು ಹಾಕಿಯೇಬಿಟ್ಟಳು. ಎದುರು ಮನೆಯವರು ಕಿಟಕಿ ತೆಗೆದು, ಏನಾಯ್ತು ಅಂತ ಕೇಳಿದರು.

ಜ್ಞಾನಸ್ನಾನ ಮಾಡಿಸುವುದೋ ಬೇಡವೋ ನಾವಿಬ್ಬರೂ ಇನ್ನೂ ಮಾತಾಡುತ್ತಿದ್ದೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತೊಟ್ಟಿಲಿಗೆ ಹಾಕುವುದು ಊರಲ್ಲೇ, ಅಡಿಕೆ ಕೊನೆಕೊಯ್ಲು ಸ್ವಲ್ಪ ಹಗುರಾದ ಮೇಲೆ.

ಸಂಜೆ ಚಿಕ್ಕಪ್ಪನಿಗೆ ಹೆಸರು ತಿಳಿಸಿದೆ. "ಣ ಏನಾಯ್ತು?" ಅಂದರು. ಅವ್ವ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ರೇಣುಕಾದೊಳಗೆ ಇರೋದು ಎಂಥದು ಮತ್ತೆ?" ಅಂತ ಜೋರು ಮಾಡಿದಳು. ಮೊದಲ ಅಕ್ಷರ ಆಗಬೇಕಲ್ಲ ಅಂತ ಚಿಕ್ಕಪ್ಪ ಅಂದರಂತೆ. ನಡುವೆ ಇದ್ದರೆ ನಡೆಯುತ್ತದೋ ಇಲ್ಲವೋ ಭಟ್ಟರನ್ನು ಕೇಳಿ ಹೇಳುತ್ತಾರಂತೆ. ಕೇಳಲಿ.

ಬುಧವಾರ ರಜೆ ಹಾಕಿ ನೋಂದಣಿ ಕಚೇರಿಗೆ ಹೋಗಬೇಕು. ಹೆಸರಿನ ಕೊನೆಗೆ ಏನು ಬರೆಯುವುದು ಅನ್ನುವುದೊಂದು ಬಾಕಿ. ನಮ್ಮಲ್ಲಿ ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು. ಅವರಲ್ಲಿ ಅಪ್ಪನ ಪೂರ್ತಿ ಹೆಸರು. ಎರಡರಲ್ಲೂ ಅಮ್ಮನಿಗೆ ಜಾಗ ಇಲ್ಲ ಅಂತ ಹೆಂಡತಿ ಊಟದ ಹೊತ್ತಿಗೆ ಶುರು ಮಾಡಿದ್ದಾಳೆ.