ಹುಬ್ಬಳ್ಳಿಯಿಂದ ಜನವರಿಯಲ್ಲಿ ಮನಾಲಿಗೆ: ಅಸ್ತರ ಬಿಚ್ಚಿಡುವ ಜಾಕೆಟ್ ಕೊಳ್ಳುವವರಿಗೆ

ಹುಬ್ಬಳ್ಳಿ-ಧಾರವಾಡದ ಚಳಿ ಒಂದು ಸ್ವೆಟರ್, ಒಂದು ಮಫ್ಲರಿಗೆ ಮುಗಿಯುತ್ತದೆ. ಅದೇ ಲೆಕ್ಕದಲ್ಲಿ ಮನಾಲಿಗೆ ಜಾಕೆಟ್ ಕೊಳ್ಳಲು ಕೊಪ್ಪಿಕರ್ ರೋಡಿಗೋ ದುರ್ಗದ ಬೈಲಿಗೋ ಹೋದವರು ಮೊದಲು ಮಾಡುವುದು ಅದನ್ನು ಹಿಸುಕಿ ಎಷ್ಟು ದಪ್ಪ ಇದೆ ಎಂದು ನೋಡುವುದು. ಬರೀ ದಪ್ಪ ನೋಡಿ ಕೊಂಡ ಜಾಕೆಟ್ ಸೋಲಾಂಗ್ ಕಣಿವೆಯ ಹಿಮದಲ್ಲಿ ಸ್ವಲ್ಪ ಹೊತ್ತು ಆಡಿದರೆ ಸಾಕು, ಹೆಗಲು, ಮೊಣಕೈ ತೊಯ್ದು ಭಾರವಾಗುತ್ತದೆ. ನಮ್ಮ ಸಲಹೆ ಸ್ಪಷ್ಟ: ಇರುವ ದುಡ್ಡಿನಲ್ಲಿ ಹೆಚ್ಚು ಪಾಲು ಹೊರಪದರಿಗೆ ಹೋಗಲಿ, ಅಸ್ತರದ ವಿಚಾರ ಆಮೇಲೆ.

ಹೀಗೆ ಹೇಳಲು ಕಾರಣ ಅಲ್ಲಿನ ಹವೆ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಹಗಲು ಬಿಸಿಲು ಬಿದ್ದರೆ ಸೊನ್ನೆಗಿಂತ ಸಾಕಷ್ಟು ಮೇಲೇರುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಹಿಮ ಒದ್ದೆ ಹಿಮ. ಕೊಡವಿದರೆ ಪೂರ್ತಿ ಉದುರುವುದಿಲ್ಲ, ಬಟ್ಟೆಗೆ ಅಂಟಿಕೊಂಡು ಮೈಕಾವಿಗೆ ಕರಗುತ್ತದೆ. ಕೆಲವು ದಿನ ಹಿಮದ ಬದಲು ಮಳೆಯೇ ಸುರಿಯುತ್ತದೆ. ಅಲ್ಲಿಂದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಸಿಸ್ಸು ಎಂಬ ಹಳ್ಳಿಗೆ ಹೋದರೆ ಎತ್ತರ 3,100 ಮೀಟರ್ ಹತ್ತಿರ. ಸಾವಿರ ಮೀಟರ್ ಏರಿದರೆ ಸಾಮಾನ್ಯವಾಗಿ ಆರು ಡಿಗ್ರಿಯಷ್ಟು ಇಳಿಯುತ್ತದೆ. ಅಲ್ಲಿ ಹಿಮ ಒಣಗಿರುತ್ತದೆ, ಆದರೆ ಗಾಳಿ ಕಾಡುತ್ತದೆ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 13ರ ಚಳಿ ಬಡಿಯುತ್ತದೆ. ನೀರನ್ನೂ ಗಾಳಿಯನ್ನೂ ತಡೆಯುವುದು ಹೊರಪದರು. ಅಸ್ತರ ಮೈಕಾವನ್ನು ಹಿಡಿದಿಡುತ್ತದೆ, ಅಷ್ಟೇ. ಅದೂ ತಾನು ಒಣಗಿದ್ದಾಗ ಮಾತ್ರ.

ಲೇಬಲ್ಲಿನಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ತುಂತುರಿಗೆ ಆದೀತು, ಹಿಮದಲ್ಲಿ ಕೂರುವುದಕ್ಕೆ ಆಗದು. ‘ವಾಟರ್‌ಪ್ರೂಫ್’ ಎಂದು ಬರೆದು ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕ ಕೊಟ್ಟಿರಬೇಕು. 10,000 ಮಿ.ಮೀ. ಅಂದರೆ ಆ ಬಟ್ಟೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ತಡೆಯಬಲ್ಲದು. ಈ ಪ್ರವಾಸಕ್ಕೆ ಅಷ್ಟು ಬೇಕು. 5,000 ನಿಂತಿದ್ದಾಗ ಸಾಲುತ್ತದೆ, ಆದರೆ ಒದ್ದೆ ಹಿಮದ ಮೇಲೆ ಕೂತಾಗ, ಬ್ಯಾಗಿನ ಪಟ್ಟಿ ಹೆಗಲ ಮೇಲೆ ಒತ್ತಿದಾಗ ನೀರು ಒಳಗೆ ಜಿನುಗಬಹುದು. ಜೊತೆಗೆ ಗ್ರಾಂ ಲೆಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಬೆವರಿನ ಆವಿ ಹೊರಗೆ ಹೋಗುತ್ತದೆ ಎಂಬುದು ಅದು. 5,000ಕ್ಕಿಂತ ಕಡಿಮೆ ಬೇಡ. ಏರು ಹತ್ತುವಾಗ ಬಂದ ಬೆವರು ಒಳಗೇ ಉಳಿದರೆ, ನಿಂತ ಕೂಡಲೇ ಅದೇ ನೀರು ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಕಂಕುಳ ಕೆಳಗೆ ಚೈನು ಇರುವ ಜಾಕೆಟ್ ಸಿಕ್ಕರೆ ಬಿಡಬೇಡಿ.

ಲೇಬಲ್ ನಂಬಿ ಸುಮ್ಮನಾಗಬೇಡಿ. ಅಸ್ತರ ಬಿಚ್ಚಿ, ಹೊರಪದರನ್ನು ಒಳಮಗ್ಗುಲು ತಿರುಗಿಸಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ, ತುಸು ಹೊಳೆಯುವ ಟೇಪು ಅಂಟಿಸಿರಬೇಕು. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಸೂಜಿ ಚುಚ್ಚಿದ ಸಾಲು ಸಾಲು ತೂತು ನೀರಿಗೆ ದಾರಿಯಾಗುತ್ತದೆ. ಅಗ್ಗದವುಗಳಲ್ಲಿ ಹೆಗಲು ಮತ್ತು ಟೊಪ್ಪಿಗೆಗೆ ಮಾತ್ರ ಟೇಪು ಹಾಕಿ, ಕಂಕುಳು, ಕಿಸೆ, ಬೆನ್ನ ಪಕ್ಕಗಳನ್ನು ಬಿಟ್ಟಿರುತ್ತಾರೆ. ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆದರಿ ನೋಡಿ, ಎದ್ದು ಬಂದರೆ ಆ ಜಾಕೆಟ್ ಅಲ್ಲೇ ಬಿಡಿ. ಮುಂದಿನ ಚೈನಿನ ಮೇಲೆ ಮುಚ್ಚುವ ಪಟ್ಟಿ, ಅದಕ್ಕೆ ವೆಲ್ಕ್ರೋ ಅಥವಾ ಟಿಚ್ ಬಟನ್, ಗ್ಲೌಸ್ ಹಾಕಿದ ಕೈಗೂ ಸಿಗುವಂತೆ ರನ್ನರಿಗೆ ದಾರದ ಕುಣಿಕೆ, ಇವೂ ಇರಲಿ.

ಅಸ್ತರದಲ್ಲಿ ಮೂರು ಬಗೆ. ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆಯಾದ ಫ್ಲೀಸ್ ಒದ್ದೆಯಾದರೂ ಬೇಗ ಒಣಗುತ್ತದೆ, ಆದರೆ ಒಂದನ್ನೇ ಹಾಕಿಕೊಂಡರೆ ಗಾಳಿ ತೂರುತ್ತದೆ. ಕೊಳ್ಳುವುದಾದರೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವುದರ, ಹತ್ತಿರದ್ದು ನೋಡಿ. ಕೌದಿಯ ಹಾಗೆ ಗೆರೆಗೆರೆಯಾಗಿ ಹೊಲಿದ ಪಾಲಿಯೆಸ್ಟರ್ ತುಂಬಿದ ಅಸ್ತರ ಹಗುರ, ಬೆಚ್ಚಗೆ, ತೊಯ್ದರೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಮನಾಲಿಗೆ ನಾವು ಇದನ್ನೇ ಹೇಳುವುದು. ಹಕ್ಕಿಯ ತುಪ್ಪುಳದ ಡೌನ್ ಒಣ ಚಳಿಯಲ್ಲಿ ಎಲ್ಲಕ್ಕಿಂತ ಮೇಲು. ಆದರೆ ತೊಯ್ದರೆ ಮುದ್ದೆಗಟ್ಟಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ, ಹೋಟೆಲ್ ಕೋಣೆಯಲ್ಲಿ ಒಂದು ರಾತ್ರಿಗೆ ಒಣಗುವುದೂ ಇಲ್ಲ.

ಅಸ್ತರ ಹೊರಪದರಿಗೆ ಕೂಡುವ ಜಾಗದಲ್ಲೇ ತಕರಾರು ಜಾಸ್ತಿ. ಎರಡು ಪಕ್ಕದ ಚೈನು ಮಾತ್ರ ಸಾಲದು. ಕಾಲರಿನ ಹಿಂದೆ ಒಂದು ಕುಣಿಕೆ, ಎರಡೂ ತೋಳಿನ ತುದಿಗೆ ಟಿಚ್ ಬಟನ್ ಇರುವ ಪಟ್ಟಿ ಬೇಕು. ತೋಳಿನದು ಇಲ್ಲದಿದ್ದರೆ, ಕೈ ಹೊರಗೆ ಎಳೆದ ಪ್ರತಿ ಸಲ ಅಸ್ತರದ ತೋಳೂ ತಿರುವುಮುರುವಾಗಿ ಹೊರಗೆ ಬರುತ್ತದೆ. ಗಾಳಿಯಲ್ಲಿ, ಮರಗಟ್ಟಿದ ಬೆರಳಿನಿಂದ ಅದನ್ನು ಒಳಗೆ ತುರುಕುವುದು ಹಿಂಸೆ. ಅಂಗಡಿಯಲ್ಲೇ ಎರಡು ಸಲ ಪೂರ್ತಿ ಬಿಚ್ಚಿ ಪೂರ್ತಿ ಹಾಕಿ. ಅಸ್ತರ ಬೇರೆ ಕಂಪನಿಯದು ಕೊಳ್ಳುವ ಯೋಚನೆಯಿದ್ದರೆ ಚೈನಿನ ಹಲ್ಲಿನ ಅಳತೆ, ಉದ್ದ, ರನ್ನರ್ ಯಾವ ಬದಿಗಿದೆ ಎಂಬುದು ಮೂರೂ ಹೊಂದಬೇಕು. ಸಾಮಾನ್ಯವಾಗಿ ಹೊಂದುವುದಿಲ್ಲ. ಆಗ ಕೂಡಿಸುವ ಹಟ ಬಿಟ್ಟು, ಸ್ವೆಟರಿನಂತೆ ಒಳಗೆ ಬೇರೆಯೇ ಹಾಕಿಕೊಳ್ಳಿ.

ಅಳತೆ ನೋಡುವಾಗ ಶರ್ಟಿನ ಮೇಲೆ ಹಾಕಿ ನೋಡಿದರೆ ಪ್ರಯೋಜನವಿಲ್ಲ. ಥರ್ಮಲ್, ಅದರ ಮೇಲೊಂದು ಸ್ವೆಟರ್ ತೊಟ್ಟು, ಅಸ್ತರ ಸಮೇತ ಜಾಕೆಟ್ ಹಾಕಿ, ಎರಡೂ ಕೈ ಮೇಲೆತ್ತಿ. ನಡು ತೆರೆದುಕೊಳ್ಳಬಾರದು, ಮಣಿಕಟ್ಟು ಹೊರಗೆ ಇಣುಕಬಾರದು. ಉದ್ದ ಕುಂಡೆ ಮುಚ್ಚುವಷ್ಟಿರಲಿ. ಬಿಗಿಯಾದರೆ ಅಸ್ತರದೊಳಗಿನ ಗಾಳಿ ಒತ್ತಿಹೋಗಿ ಬೆಚ್ಚಗಿರುವುದಿಲ್ಲ.

ಹುಬ್ಬಳ್ಳಿಯಿಂದ ದಿಲ್ಲಿಗೆ ರೈಲಿನಲ್ಲಿ ಒಂದೂವರೆ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಬೆಳಗಾವಿ, ಪುಣೆ ದಾಟುವ ತನಕ ಜಾಕೆಟ್ ಬೇಕಾಗುವುದೇ ಇಲ್ಲ, ಉತ್ತರದ ರಾತ್ರಿಗೆ ಅಸ್ತರ ಒಂದೇ ಸಾಕು. ದಿಲ್ಲಿಯಿಂದ ಮನಾಲಿಗೆ ರಾತ್ರಿ ಬಸ್ಸಿನಲ್ಲಿ ಸುಮಾರು 12ರಿಂದ 14 ಗಂಟೆ. ಬಸ್ಸಿನೊಳಗೆ ಪೂರ್ತಿ ಜಾಕೆಟ್ ಹಾಕಿ ಕೂತರೆ ಬೆವರುತ್ತೀರಿ. ಬೆಳಗಿನ ಜಾವ ಬೆವರಿದ ಮೈಯಲ್ಲೇ ಕೆಳಗಿಳಿದರೆ ಚಳಿ ನೇರ ಎದೆಗೆ ಹೊಡೆಯುತ್ತದೆ. ಅಸ್ತರ ಮೈಮೇಲೆ, ಹೊರಪದರು ಕೈಚೀಲದಲ್ಲಿ ಇರಲಿ, ಇಳಿಯುವ ಮುಂಚೆ ತೊಟ್ಟುಕೊಳ್ಳಿ. ವಿಮಾನದಲ್ಲಾದರೆ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ ಇರುವುದರಿಂದ ಜಾಕೆಟ್ ಮೈಮೇಲಿರುವುದೇ ಲೇಸು. ಸೋಲಾಂಗ್ ದಾರಿಯಲ್ಲಿ ಬಾಡಿಗೆ ಸೂಟು, ಗಮ್‌ಬೂಟು ಸಿಗುತ್ತವೆ. ಬೂಟು ಬಾಡಿಗೆಗೆ ತೆಗೆದುಕೊಳ್ಳಿ. ಹಲವರು ಹಾಕಿ ಸವೆದ ಸೂಟಿನಲ್ಲಿ ನೀರು ತಡೆಯುವ ಗುಣ ಕಡಿಮೆ, ಹಿಮ ಬೀಳುವ ದಿನ ಅದನ್ನು ನೆಚ್ಚಬೇಡಿ.

ಟೂರಿನವರು ಕೊಡುವ ಬ್ಯಾಜನ್ನು ಸೇಫ್ಟಿ ಪಿನ್ನಿನಿಂದ ಹೊರಪದರಿಗೆ ಚುಚ್ಚಬೇಡಿ, ಕೊರಳಿಗೆ ಹಾಕಿಕೊಳ್ಳಿ. ಹರಿದರೆ ದರ್ಜಿಯ ಹತ್ತಿರ ಹೊಲಿಸಿದರೆ ಹೊಸ ತೂತು ಬೀಳುತ್ತವೆ. ಒಳಗಿನಿಂದ ಅಂಟುವ ತೇಪೆ ಹಾಕಬೇಕು.

ಊರಿಗೆ ಬಂದ ಮೇಲೆ ಎರಡನ್ನೂ ಬೇರೆ ಬೇರೆ ತೊಳೆಯಿರಿ. ಸೌಮ್ಯ ದ್ರವ ಸೋಪು ಸಾಕು, ಕಂಫರ್ಟ್‌ನಂಥ ಸಾಫ್ಟನರ್ ಹಾಕಿದರೆ ಮೇಲಿನ ನೀರು ಜಾರಿಸುವ ಲೇಪ ಕೆಡುತ್ತದೆ. ಹಿಂಡಬೇಡಿ, ನೆರಳಲ್ಲಿ ನೇತುಹಾಕಿ. ಆಮೇಲೆ ಅಸ್ತರ ಕಪಾಟಿನೊಳಗೆ ಹೋಗಲಿ, ಹೊರಪದರು ಬಾಗಿಲ ಹಿಂದಿನ ಗೂಟದಲ್ಲಿರಲಿ: ಜೂನ್‌ನಿಂದ ಧಾರವಾಡದ ಜಿಟಿಜಿಟಿ ಮಳೆಗೆ ಅದೇ ರೇನ್‌ಕೋಟು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದರೆ ಸೆಕೆ, ತೇವ ಎರಡೂ ಸೇರಿ ಒಳಗಿನ ನೀರು ತಡೆಯುವ ಪಾಲಿಯುರೆಥೇನ್ ಲೇಪ ಅಂಟಂಟಾಗಿ, ಕೆಲವೇ ವರ್ಷಗಳಲ್ಲಿ ಹಪ್ಪಳೆ ಹಪ್ಪಳೆಯಾಗಿ ಉದುರುತ್ತದೆ. ಒಮ್ಮೆ ಉದುರಿತೆಂದರೆ ಅದಕ್ಕೆ ರಿಪೇರಿ ಇಲ್ಲ.